ರಕ್ತಸಂಬಂಧ ಮತ್ತು ರಾಜವಿಶ್ವಾಸ: ಮುಧೋಳದ ಘೋರ್ಪಡೆ ಮನೆತನದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಒಂದು ರಾಜ್ಯವು ತನ್ನ ಗಡಿಯನ್ನು, ಸೈನ್ಯವನ್ನು ಮತ್ತು ಗುಟ್ಟನ್ನು ಯಾರ ಕೈಗೆ ಒಪ್ಪಿಸಬೇಕು ಎಂಬ ಪ್ರಶ್ನೆಯು ರಾಜ್ಯವ್ಯವಸ್ಥೆಯಷ್ಟೇ ಪ್ರಾಚೀನವಾದುದು. ಇಂದಿನ ಸರಕಾರಗಳು ರಕ್ಷಣೆ, ವಿದೇಶಾಂಗ, ಗುಪ್ತಚರ್ಯೆಗಳಂತಹ ಇಲಾಖೆಗಳಿಗೆ ನೌಕರರನ್ನು ತೆಗೆದುಕೊಳ್ಳುವಾಗ ಅವರ ಪೂರ್ವಾಪರಗಳನ್ನು ವಿಚಾರಿಸುತ್ತವೆ. ಪರದೇಶದಲ್ಲಿ ಅವರಿಗೆ ಬಂಧುಗಳಿದ್ದಾರೆಯೇ, ಇದ್ದರೆ ಆ ಸಂಬಂಧ ಎಷ್ಟು ನಿಕಟವಾದುದು ಎಂಬುದು ಆ ವಿಚಾರಣೆಯ ಒಂದು ಮುಖ್ಯ ಅಂಗ. ಈ ಪದ್ಧತಿಯು ಆಧುನಿಕ ಆಡಳಿತದ ಸೃಷ್ಟಿಯೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಇದೇ ಪ್ರಶ್ನೆಯನ್ನು ಹದಿನೇಳನೆಯ ಶತಮಾನದ ಬಿಜಾಪುರದ ಆದಿಲಶಾಹಿ ಆಸ್ಥಾನವು ಹಲವು ಬಾರಿ ಎದುರಿಸಿತು. ಆ ಸಂದರ್ಭಗಳಲ್ಲಿ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ಸಂಸ್ಥಾನದ ಪಾತ್ರ ಪ್ರಮುಖವಾಗಿತ್ತು. ಬಂಧುತ್ವವನ್ನು ಆಸ್ಥಾನವು ಹೇಗೆ ತೂಗಿ ನೋಡಿತು, ಆ ತೂಕ ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಇಲ್ಲಿ ಒಂದು ಸ್ಪಷ್ಟೀಕರಣ ಅವಶ್ಯವಾಗಿದೆ. ಹದಿನೇಳನೆಯ ಶತಮಾನದಲ್ಲಿ ಪೌರತ್ವವೆಂಬ ಕಲ್ಪನೆ ಇರಲಿಲ್ಲ. ದಖ್ಖನಿನ ಸರದಾರ ಮನೆತನಗಳು ಅಹಮದನಗರ, ಬಿಜಾಪುರ, ಗೋಲ್ಕೊಂಡ ಮತ್ತು ಮೊಗಲ ಪ್ರಭುತ್ವಗಳಲ್ಲಿ ಹಂಚಿಹೋಗಿದ್ದವು. ಅಣ್ಣ ಒಂದು ಆಸ್ಥಾನದಲ್ಲಿ, ತಮ್ಮ ಇನ್ನೊಂದು ಆಸ್ಥಾನದಲ್ಲಿ ಇರುವುದು ಅಪರೂಪವಾಗಿರಲಿಲ್ಲ. ಆದುದರಿಂದ ಈ ಕಾಲಕ್ಕೆ ಸಂಬಂಧಿಸಿದಂತೆ 'ಪರರಾಜ್ಯದ ಬಂಧು' ಎಂದರೆ ಬೇರೊಂದು ಪ್ರಭುತ್ವದ ಉಪ್ಪನ್ನು ಉಣ್ಣುತ್ತಿರುವ, ಅಥವಾ ತಾನೇ ಒಂದು ಪ್ರಭುತ್ವವಾಗಿ ತಲೆಯೆತ್ತುತ್ತಿರುವ ಬಂಧು ಎಂದು ಅರ್ಥಮಾಡಿಕೊಳ್ಳಬೇಕಾಗುತ್ತದೆ.

ಪ್ರದೇಶ ಮತ್ತು ಮನೆತನ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಬೀಳಗಿ, ಮುಧೋಳ, ಜಮಖಂಡಿಗಳ ಸೀಮೆಯು ಆದಿಲಶಾಹಿ ರಾಜಧಾನಿಯ ದಕ್ಷಿಣದ ಅಂಗಳದಂತೆ ಇತ್ತು. ಘಟಪ್ರಭೆಯ ದಂಡೆಯ ಮುಧೋಳದಿಂದ ಬಿಜಾಪುರಕ್ಕೆ ಹೋಗುವವರು ಜಮಖಂಡಿಯ ಕಡೆಯಿಂದಾಗಲಿ ಬೀಳಗಿಯ ಕಡೆಯಿಂದಾಗಲಿ ಕೃಷ್ಣೆಯನ್ನು ದಾಟಬೇಕಾಗಿತ್ತು. ರಾಜಧಾನಿಗೆ ಇಷ್ಟು ಸಮೀಪದಲ್ಲಿ ಸ್ವಂತ ದಂಡನ್ನು ಇಟ್ಟುಕೊಂಡಿದ್ದ ಮನೆತನದ ನಿಷ್ಠೆಯು ಆಸ್ಥಾನಕ್ಕೆ ಎಷ್ಟು ಮಹತ್ವದ್ದಾಗಿತ್ತು ಎಂಬುದನ್ನು ಈ ಭೌಗೋಳಿಕ ಸನ್ನಿವೇಶವೇ ತಿಳಿಸುತ್ತದೆ.

ಮುಧೋಳದ ಘೋರ್ಪಡೆಯವರ ವಂಶಪರಂಪರೆಯ ಪ್ರಕಾರ ಅವರ ಪೂರ್ವಿಕರು ಬಹಮನಿ ಸುಲ್ತಾನರ ಸೇವೆಯಲ್ಲಿದ್ದರು. ಮಹಮೂದ್ ಗವಾನನು ಖೇಳಣಾ ಕೋಟೆಯನ್ನು, ಎಂದರೆ ಇಂದಿನ ವಿಶಾಳಗಡವನ್ನು, ಮುತ್ತಿದಾಗ ಉಡದ ನೆರವಿನಿಂದ ಕೋಟೆಯ ಗೋಡೆಯನ್ನು ಏರಿದ ಸಾಹಸಕ್ಕಾಗಿ ಅವರಿಗೆ 'ಘೋರ್ಪಡೆ' ಎಂಬ ಬಿರುದೂ, 1471ರಲ್ಲಿ ಮುಧೋಳವೂ ಸೇರಿದಂತೆ 84 ಗ್ರಾಮಗಳ ಜಹಗೀರೂ ದೊರೆತವೆಂದು ಆ ಪರಂಪರೆ ಹೇಳುತ್ತದೆ. ಮರಾಠಿಯಲ್ಲಿ 'ಘೋರ್ಪಡ' ಎಂದರೆ ಉಡ. ಇದೇ ವಂಶದ ಕಿರಿಯ ಶಾಖೆಯಿಂದ ಭೋಸಲೆ ಮನೆತನವು ಬೆಳೆಯಿತೆಂಬುದು ಆ ಪರಂಪರೆಯ ಇನ್ನೊಂದು ಹೇಳಿಕೆ. ಈ ವಂಶಾವಳಿಗೆ ಆಧಾರವಾದ ಫರ್ಮಾನುಗಳ ಪ್ರಾಚೀನತೆಯ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೂ ಘೋರ್ಪಡೆಯವರೂ ಭೋಸಲೆಯವರೂ ಒಂದೇ ಮೂಲದ ದಾಯಾದಿಗಳೆಂಬ ನಂಬಿಕೆ ಬೇರೂರಿತ್ತು. ಆಸ್ಥಾನದ ನಿರ್ಣಯಗಳನ್ನು ಅರಿಯಲು ಈ ಹಿನ್ನೆಲೆ ಅಗತ್ಯವಾದುದು.

1648ರ ಬಂಧನ

ನಿಜಾಮಶಾಹಿಯು 1636ರಲ್ಲಿ ಕೊನೆಗೊಂಡ ಮೇಲೆ ಶಹಾಜಿ ಭೋಸಲೆಯು ಬಿಜಾಪುರದ ಸೇವೆಗೆ ಸೇರಿದನು. ರಣದುಲ್ಲಾಖಾನನ ನೇತೃತ್ವದಲ್ಲಿ ನಡೆದ ಕರ್ನಾಟಕದ ದಂಡಯಾತ್ರೆಗಳಲ್ಲಿ ಅವನು ಪ್ರಮುಖ ಸರದಾರನಾಗಿದ್ದನು. 1638ರಲ್ಲಿ ಕೆಂಪೇಗೌಡರ ಮನೆತನದಿಂದ ಗೆದ್ದುಕೊಂಡ ಬೆಂಗಳೂರು ಅವನಿಗೆ ಜಹಗೀರಾಗಿ ದೊರೆಯಿತು. ಹಿರಿಯ ಮಗ ಸಂಭಾಜಿಯು ತಂದೆಯ ಬಳಿ ಇದ್ದನು. ಇನ್ನೊಬ್ಬ ಮಗ ಶಿವಾಜಿಯು ಪುಣೆಯ ಜಹಗೀರಿನಲ್ಲಿ ಬೆಳೆದು, 1646ರಿಂದ ಮುಂದೆ ತೋರಣಾ, ಕೊಂಡಾಣಾ ಮುಂತಾದ ಕೋಟೆಗಳನ್ನು ಆಸ್ಥಾನದ ಅನುಮತಿಯಿಲ್ಲದೆ ವಶಪಡಿಸಿಕೊಳ್ಳತೊಡಗಿದನು.

ಈ ಸಂದರ್ಭದಲ್ಲಿ ಶಹಾಜಿಯು ತಮಿಳುನಾಡಿನ ಜಿಂಜಿಯ ಮುತ್ತಿಗೆಯಲ್ಲಿ ನಿರತನಾಗಿದ್ದನು. 1648ರ ಜುಲೈ ತಿಂಗಳಲ್ಲಿ ಸೇನಾಪತಿ ಮುಸ್ತಫಾಖಾನನು ಅವನನ್ನು ಬಂಧಿಸಲು ನಿರ್ಧರಿಸಿ, ಆ ಕೆಲಸಕ್ಕೆ ಮುಧೋಳದ ಬಾಜಿ ಘೋರ್ಪಡೆಯನ್ನೂ ಇನ್ನೊಬ್ಬ ಸರದಾರನನ್ನೂ ನೇಮಿಸಿದನು. ನಸುಕಿನಲ್ಲಿ ಶಿಬಿರವನ್ನು ಸುತ್ತುವರಿದಾಗ ಶಹಾಜಿಯು ಕುದುರೆಯೇರಿ ಒಬ್ಬನೇ ಹೊರಟನೆಂದೂ, ಬಾಜಿಯು ಬೆನ್ನಟ್ಟಿ ಹಿಡಿದನೆಂದೂ ಬಿಜಾಪುರದ ಇತಿಹಾಸವನ್ನು ನಿರೂಪಿಸುವ ಫಾರಸಿ ಗ್ರಂಥ 'ಬಸಾತೀನ್-ಉಸ್-ಸಲಾತೀನ್' ವರ್ಣಿಸುತ್ತದೆ. ಶಹಾಜಿಯ ಮೂರು ಸಾವಿರ ಕುದುರೆಯ ದಂಡು ಚದುರಿಹೋಯಿತು, ಶಿಬಿರ ಲೂಟಿಯಾಯಿತು. ಅನಂತರ ಅಫಜಲಖಾನನು ಅವನನ್ನು ಬಿಜಾಪುರಕ್ಕೆ ಕರೆತಂದನು.

ಬಂಧನದ ಕಾರಣದ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಫಾರಸಿ ಆಕರಗಳು ಮುಸ್ತಫಾಖಾನನ ಆಜ್ಞೆಯನ್ನು ಶಹಾಜಿಯು ಮೀರಿದನೆಂಬ ಅಂಶಕ್ಕೆ ಒತ್ತು ಕೊಡುತ್ತವೆ. ಮರಾಠಿ ಬಖರುಗಳು ಮಗನ ಬಂಡಾಯಕ್ಕೆ ತಂದೆಯನ್ನು ಹೊಣೆ ಮಾಡಲಾಯಿತೆಂದು ಹೇಳುತ್ತವೆ. ಜದುನಾಥ ಸರಕಾರರಂತಹ ಇತಿಹಾಸಕಾರರು ಮೊದಲನೆಯ ಕಾರಣಕ್ಕೆ ಹೆಚ್ಚು ಮನ್ನಣೆ ನೀಡಿದ್ದಾರೆ. ಆದರೆ ಬಂಧನದ ಕಾರಣ ಏನೇ ಇರಲಿ, ಬಿಡುಗಡೆಯ ಷರತ್ತುಗಳು ಒಂದು ವಿಷಯವನ್ನು ನಿಸ್ಸಂದೇಹವಾಗಿ ತಿಳಿಸುತ್ತವೆ. 1649ರ ಮೇ ತಿಂಗಳಲ್ಲಿ ಶಹಾಜಿಯು ಬಿಡುಗಡೆ ಹೊಂದಿದ್ದು ಶಿವಾಜಿಯು ಕೊಂಡಾಣಾ ಕೋಟೆಯನ್ನೂ, ಸಂಭಾಜಿಯು ಬೆಂಗಳೂರನ್ನೂ ಒಪ್ಪಿಸಿದ ಮೇಲೆ. ತಂದೆಯು ಮಕ್ಕಳ ಮೇಲಿನ ಒತ್ತಡದ ಸಾಧನವಾದನು. ಬಂಧುತ್ವವು ಇಲ್ಲಿ ಅನುಮಾನಕ್ಕೆ ಕಾರಣವಾದುದಕ್ಕಿಂತ ಹೆಚ್ಚಾಗಿ ಒತ್ತೆಯಾಗಿ ಬಳಕೆಯಾಯಿತು.

ಈ ಘಟನೆಯ ಇನ್ನೊಂದು ಮುಖವೂ ಗಮನಾರ್ಹವಾದುದು. ತಂದೆಯ ಬಿಡುಗಡೆಗಾಗಿ ಶಿವಾಜಿಯು ಆಗ ದಖ್ಖನಿನ ಮೊಗಲ ಸುಬೇದಾರನಾಗಿದ್ದ ರಾಜಕುಮಾರ ಮುರಾದಬಕ್ಷನಿಗೆ ಪತ್ರ ಬರೆದು ಮೊಗಲರ ಸೇವೆಗೆ ಸಿದ್ಧನಿರುವುದಾಗಿ ಸೂಚಿಸಿದನು. ಅಲ್ಲಿಯವರೆಗೆ ಬಿಜಾಪುರದ ಒಳಗಿನ ಜಗಳವಾಗಿದ್ದುದು ಪರರಾಜ್ಯದ ಬಾಗಿಲಿಗೆ ಹೋಯಿತು. ಸುರಕ್ಷತೆಗಾಗಿ ಕೈಗೊಂಡ ಕ್ರಮವೇ ಆಸ್ಥಾನವು ಅಂಜುತ್ತಿದ್ದ ಪರಸಂಪರ್ಕಕ್ಕೆ ಎಡೆಮಾಡಿಕೊಟ್ಟಿತು.

ಮಗನ ಅಪರಾಧ, ತಂದೆಯ ಸೇವೆ

ಬಿಡುಗಡೆಯ ಅನಂತರ ಶಹಾಜಿಯು ಮತ್ತೆ ಬಿಜಾಪುರದ ಸರದಾರನಾಗಿ ಕರ್ನಾಟಕದಲ್ಲಿ ಉಳಿದನು. ಅವನ ಹಿರಿಯ ಮಗ ಸಂಭಾಜಿಯು ಆಸ್ಥಾನದ ಪರವಾಗಿ ಹೋರಾಡುತ್ತಲೇ 1654ರ ಸುಮಾರಿಗೆ ಇಂದಿನ ಕೊಪ್ಪಳ ಜಿಲ್ಲೆಯ ಕನಕಗಿರಿಯಲ್ಲಿ ಮಡಿದನು. ಶಿವಾಜಿಯ ಚಟುವಟಿಕೆಗಳು ಹೆಚ್ಚಿದಂತೆ ತಂದೆಯ ಸ್ಥಿತಿ ಇಕ್ಕಟ್ಟಿನದಾಯಿತು. ಎರಡನೆಯ ಅಲಿ ಆದಿಲಶಹನು 1658ರ ಮೇ ತಿಂಗಳಲ್ಲಿ ಶಹಾಜಿಗೆ ಕಳುಹಿಸಿದ ಫರ್ಮಾನು ಈ ದೃಷ್ಟಿಯಿಂದ ಅತ್ಯಂತ ಮಹತ್ವದ ದಾಖಲೆ. ಶಿವಾಜಿಯ ತಪ್ಪನ್ನು ಶಹಾಜಿಯ ಮೇಲೆ ಹೊರಿಸುವುದಿಲ್ಲ, ಬೆಂಗಳೂರು ಮೊದಲಾದ ಪರಗಣೆಗಳು ಹಿಂದಿನಂತೆಯೇ ಮುಂದುವರಿಯುತ್ತವೆ, ಅವನು ನಿಶ್ಚಿಂತನಾಗಿರಬೇಕು ಎಂಬುದು ಆ ಫರ್ಮಾನಿನ ಸಾರ.

ಹತ್ತು ವರ್ಷಗಳ ಹಿಂದೆ ತಂದೆ ಮಕ್ಕಳನ್ನು ಒಂದೇ ಹಗ್ಗದಲ್ಲಿ ಕಟ್ಟಿದ ಆಸ್ಥಾನವು ಈಗ ಅವರನ್ನು ಬೇರೆಬೇರೆಯಾಗಿ ಪರಿಗಣಿಸಿತು. ಇದಕ್ಕೆ ಔದಾರ್ಯವೊಂದೇ ಕಾರಣವೆಂದು ಹೇಳಲಾಗದು. ಕರ್ನಾಟಕದಲ್ಲಿ ಅಷ್ಟು ಅನುಭವವುಳ್ಳ ಸರದಾರನನ್ನು ಕಳೆದುಕೊಳ್ಳುವ ಶಕ್ತಿ ಬಿಜಾಪುರಕ್ಕೆ ಇರಲಿಲ್ಲ. ಅವನನ್ನು ನೂಕಿದರೆ ಅವನು ಹೋಗುವುದು ಮಗನ ಕಡೆಗೇ ಎಂಬುದನ್ನೂ ಆಸ್ಥಾನವು ಬಲ್ಲದಾಗಿತ್ತು. 1659ರಲ್ಲಿ ಅಫಜಲಖಾನನು ಶಿವಾಜಿಯ ಮೇಲೆ ಹೊರಟಾಗ ಆಸ್ಥಾನವು ಮಾವಳ ಪ್ರಾಂತದ ದೇಶಮುಖರಿಗೆ ಫರ್ಮಾನುಗಳನ್ನು ಕಳುಹಿಸಿ ಖಾನನನ್ನು ಸೇರಬೇಕೆಂದು ಆಜ್ಞಾಪಿಸಿತು. ಕಾನ್ಹೋಜಿ ಜೇಧೆಯು ಆ ಆಜ್ಞೆಯನ್ನು ಮೀರಿ ಶಿವಾಜಿಯ ಪಕ್ಷದಲ್ಲಿ ನಿಂತನು. ಖಂಡೋಜಿ ಖೋಪಡೆಯು ಖಾನನನ್ನು ಸೇರಿದನು. ಒಂದೇ ಪ್ರಾಂತದ, ಒಂದೇ ಸಮಾಜದ ಜನರು ಎರಡು ಕಡೆಗೆ ಹಂಚಿಹೋದುದನ್ನು ನೋಡಿದರೆ, ಕುಲ ಅಥವಾ ಸಂಬಂಧದ ಆಧಾರದಿಂದ ಮಾತ್ರ ನಿಷ್ಠೆಯನ್ನು ಊಹಿಸುವುದು ಎಷ್ಟು ಅಪಾಯಕರವೆಂಬುದು ವ್ಯಕ್ತವಾಗುತ್ತದೆ.

ಶಹಾಜಿಯು 1664ರ ಜನವರಿಯಲ್ಲಿ ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಬೇಟೆಯಾಡುತ್ತಿದ್ದಾಗ ಕುದುರೆಯಿಂದ ಬಿದ್ದು ಮರಣ ಹೊಂದಿದನು. ಅವನ ಸಮಾಧಿ ಅಲ್ಲಿದೆ. ಆಗ ಶಿವಾಜಿಯು ಬಿಜಾಪುರದ ಪ್ರಕಟ ವೈರಿಯಾಗಿದ್ದನು. ಆದರೂ ಶಹಾಜಿಯ ಜಹಗೀರು ಇನ್ನೊಬ್ಬ ಮಗ ಏಕೋಜಿಗೆ ಮುಂದುವರಿಯಿತು. ಏಕೋಜಿಯು ಶಿವಾಜಿಯ ಮಲಸಹೋದರ. 1665ರ ಕೊನೆಯಲ್ಲಿ ಮೊಗಲ ಸೇನಾಪತಿ ಜಯಸಿಂಹನು ಬಿಜಾಪುರದ ಮೇಲೆ ದಂಡೆತ್ತಿ ಬಂದಾಗ ಶಿವಾಜಿಯು ಮೊಗಲರ ಕಡೆಯಲ್ಲಿಯೂ ಏಕೋಜಿಯು ಬಿಜಾಪುರದ ಕಡೆಯಲ್ಲಿಯೂ ಇದ್ದರು. 1675ರಲ್ಲಿ ಬಿಜಾಪುರವು ತಂಜಾವೂರಿನ ಮೇಲೆ ಕಳುಹಿಸಿದ್ದು ಇದೇ ಏಕೋಜಿಯನ್ನು. ಶಿವಾಜಿಯ ಪಟ್ಟಾಭಿಷೇಕವು ಅದಕ್ಕೆ ಒಂದು ವರ್ಷ ಮೊದಲೇ ನಡೆದಿತ್ತು ಎಂಬುದನ್ನು ನೆನೆದರೆ ಈ ನೇಮಕದ ಅರ್ಥ ಸ್ಪಷ್ಟವಾಗುತ್ತದೆ. ಅಣ್ಣನು ಯಾರೆಂಬುದಕ್ಕಿಂತ ತಮ್ಮನು ಇದುವರೆಗೆ ಹೇಗೆ ನಡೆದುಕೊಂಡಿದ್ದಾನೆ, ಅವನ ಭೂಮಿ ಎಲ್ಲಿದೆ ಎಂಬುದನ್ನು ಆಸ್ಥಾನವು ನೋಡಿತು.

ಮುಧೋಳವು ತೆತ್ತ ಬೆಲೆ

ಶಹಾಜಿಯ ಬಂಧನಕ್ಕೆ ಬಾಜಿ ಘೋರ್ಪಡೆಯನ್ನು ಆಯ್ದುಕೊಂಡ ಕ್ರಮವನ್ನು ಈ ಹಿನ್ನೆಲೆಯಲ್ಲಿ ವಿವೇಚಿಸಬೇಕು. ದಾಯಾದಿಯ ವಿರುದ್ಧ ದಾಯಾದಿಯನ್ನೇ ನಿಲ್ಲಿಸಿದರೆ ಎರಡು ಲಾಭಗಳಿವೆ. ಕೆಲಸವೂ ಆಗುತ್ತದೆ, ಆ ಎರಡು ಮನೆತನಗಳು ಮುಂದೆ ಒಂದಾಗುವ ಸಾಧ್ಯತೆಯೂ ಅಳಿಯುತ್ತದೆ. ಮುಸ್ತಫಾಖಾನನ ಮನಸ್ಸಿನಲ್ಲಿ ಇದೇ ಲೆಕ್ಕವಿತ್ತೆಂದು ಹೇಳಲು ನೇರವಾದ ದಾಖಲೆಯಿಲ್ಲವಾದರೂ ಪರಿಣಾಮವು ಹಾಗೆಯೇ ಆಯಿತು. ಬಾಜಿಯ ನಿಷ್ಠೆಯನ್ನು ಆಸ್ಥಾನವು ಮತ್ತೆ ಪರೀಕ್ಷಿಸುವ ಅಗತ್ಯವೇ ಉಳಿಯಲಿಲ್ಲ.

ಆದರೆ ಅದರ ಬೆಲೆಯನ್ನು ತೆತ್ತವರು ಮುಧೋಳದವರು. ಖವಾಸಖಾನನು ಶಿವಾಜಿಯ ಮೇಲೆ ಕುಡಾಳದ ಕಡೆಗೆ ದಂಡೆತ್ತಿ ಹೋದಾಗ ಬಾಜಿಯು ಅವನ ನೆರವಿಗೆ ನೇಮಕಗೊಂಡಿದ್ದನು. 1664ರಲ್ಲಿ, ಶಹಾಜಿಯು ತೀರಿಕೊಂಡ ವರ್ಷದಲ್ಲಿಯೇ, ಶಿವಾಜಿಯು ಮುಧೋಳದ ಮೇಲೆ ದಾಳಿ ಮಾಡಿ ಬಾಜಿಯನ್ನು ಕೊಂದು ಊರನ್ನು ಲೂಟಿ ಮಾಡಿದನು. ತಂದೆಯ ಅಪಮಾನಕ್ಕೆ ಮಗನು ತೀರಿಸಿಕೊಂಡ ಸೇಡು ಇದೆಂದು ಬಖರುಗಳು ವರ್ಣಿಸುತ್ತವೆ. ಹದಿನಾರು ವರ್ಷಗಳ ಹಿಂದೆ ಜಿಂಜಿಯ ಶಿಬಿರದಲ್ಲಿ ಹೊತ್ತಿಕೊಂಡ ಬೆಂಕಿ ಘಟಪ್ರಭೆಯ ದಂಡೆಯ ಮನೆಗಳನ್ನು ಸುಟ್ಟಿತು. ರಾಜಧಾನಿಯ ದಕ್ಷಿಣದ ಅಂಗಳದಲ್ಲಿ ನಡೆದ ಈ ದಾಳಿಯನ್ನು ತಡೆಯಲು ಬಿಜಾಪುರಕ್ಕೆ ಆಗಲಿಲ್ಲ.

ಮರಾಠಿಯ ಐತಿಹಾಸಿಕ ಸಾಹಿತ್ಯದಲ್ಲಿ ಬಾಜಿ ಘೋರ್ಪಡೆಯು ಬಹುಮಟ್ಟಿಗೆ ವಿಶ್ವಾಸಘಾತಕನಾಗಿ ಚಿತ್ರಿತನಾಗಿದ್ದಾನೆ. ಬಿಜಾಪುರದ ಆಕರಗಳಲ್ಲಿ ಅವನು ಸೇನಾಪತಿಯ ಆಜ್ಞೆಯನ್ನು ಪಾಲಿಸಿದ ಸರದಾರ. ತಲೆಮಾರುಗಳಿಂದ ಒಂದು ಪ್ರಭುತ್ವದ ಸೇವೆಯಲ್ಲಿದ್ದ ಮನೆತನದವನು ಆ ಪ್ರಭುತ್ವದ ಆಜ್ಞೆಯನ್ನು ಪಾಲಿಸುವುದು ಅಂದಿನ ಕಾಲಧರ್ಮಕ್ಕೆ ವಿರುದ್ಧವಾದುದಾಗಿರಲಿಲ್ಲ. ಮುಂದಿನ ಕಾಲದ ನಿಷ್ಠೆಗಳ ಅಳತೆಗೋಲಿನಿಂದ ಅವನನ್ನು ಅಳೆಯುವುದು ಇತಿಹಾಸಕ್ಕೆ ನ್ಯಾಯವೆನಿಸದು.

ಶಿವಾಜಿಯ ಪತ್ರ

ಈ ಸಂಬಂಧದ ಅತ್ಯಂತ ಕುತೂಹಲಕರವಾದ ಘಟ್ಟ 1677ರದು. ಕರ್ನಾಟಕದ ದಂಡಯಾತ್ರೆಗೆ ಹೊರಟ ಶಿವಾಜಿಯು ಗೋಲ್ಕೊಂಡದ ಅಬುಲ್ ಹಸನ್ ಕುತುಬಶಹನೊಡನೆ ಮೈತ್ರಿ ಮಾಡಿಕೊಂಡಿದ್ದನು. ಬಿಜಾಪುರದಲ್ಲಿ ಬಾಲಕ ಸಿಕಂದರ ಆದಿಲಶಹನ ಹೆಸರಿನಲ್ಲಿ ಪಠಾಣ ಸರದಾರ ಬಹಲೋಲಖಾನನು ಅಧಿಕಾರ ನಡೆಸುತ್ತಿದ್ದನು. ಆಗ ಶಿವಾಜಿಯು ಬಾಜಿಯ ಮಗ, ಮುಧೋಳದ ಮಾಲೋಜಿ ಘೋರ್ಪಡೆಗೆ ಒಂದು ದೀರ್ಘ ಪತ್ರವನ್ನು ಬರೆದನು. ಹಳೆಯ ವೈರವನ್ನು ಅವನು ಆ ಪತ್ರದಲ್ಲಿ ಮುಚ್ಚಿಡಲಿಲ್ಲ. ಅದನ್ನು ನೆನಪಿಸಿಯೇ, ಎರಡು ಕಡೆಯವರೂ ಅದನ್ನು ಮರೆಯೋಣವೆಂದನು. ದಖ್ಖನಿನ ಆಡಳಿತ ದಖ್ಖನಿಗಳ ಕೈಯಲ್ಲಿಯೇ ಉಳಿಯಬೇಕೆಂದೂ, ಕುತುಬಶಹನ ಪಕ್ಷಕ್ಕೆ ಬಂದರೆ ಅಲ್ಲಿ ಜಹಗೀರು ಕೊಡಿಸುವುದಾಗಿಯೂ ತಿಳಿಸಿದನು.

ಪರರಾಜ್ಯದ ಬಂಧುವಿನಿಂದ ಬರುವ ಕರೆಯ ಸ್ವರೂಪ ಹೇಗಿರುತ್ತದೆ ಎಂಬುದಕ್ಕೆ ಈ ಪತ್ರಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು. ಅದರಲ್ಲಿ ಕುಲದ ಅಭಿಮಾನವಿದೆ, ಆಸ್ಥಾನದಲ್ಲಿನ ಅಸಮಾಧಾನದ ಲಾಭವನ್ನು ಪಡೆಯುವ ಜಾಣ್ಮೆಯಿದೆ, ಪ್ರತಿಫಲದ ಭರವಸೆಯೂ ಇದೆ. ಮಾಲೋಜಿಯು ಈ ಕರೆಗೆ ಓಗೊಡಲಿಲ್ಲ. 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆಲ್ಲುವವರೆಗೆ ಮುಧೋಳವು ಆದಿಲಶಾಹಿಯ ಪಕ್ಷದಲ್ಲಿಯೇ ಉಳಿಯಿತು. ತಂದೆಯನ್ನು ಕೊಂದವನ ಮಾತನ್ನು ಮಗನು ಕೇಳದಿದ್ದುದು ಸಹಜವೇ. ಆ ಅರ್ಥದಲ್ಲಿ 1648ರ ನಿರ್ಣಯವು ಆಸ್ಥಾನಕ್ಕೆ ಬಹುಕಾಲ ಫಲ ನೀಡಿತೆಂದು ಹೇಳಬಹುದು. ಆದರೆ ಆ ನಿಷ್ಠೆಯು ಬೆಳೆದದ್ದು ವಿಶ್ವಾಸದ ನೆಲದಲ್ಲಿ ಮಾತ್ರವಲ್ಲ, ರಕ್ತದ ಕಲೆಯ ಮೇಲೆ ಕೂಡ.

1858ರ ರಾಮದುರ್ಗ

ಇದೇ ಪ್ರಶ್ನೆ ಸುಮಾರು ಇನ್ನೂರು ವರ್ಷಗಳ ಅನಂತರ ಬ್ರಿಟಿಷರ ಎದುರಿಗೂ ಬಂದಿತು. ಮುಧೋಳದ ದಕ್ಷಿಣಕ್ಕಿರುವ ರಾಮದುರ್ಗ ಮತ್ತು ನರಗುಂದ ಸಂಸ್ಥಾನಗಳನ್ನು ಒಂದೇ ಭಾವೆ ಮನೆತನದ ಎರಡು ಶಾಖೆಗಳು ಆಳುತ್ತಿದ್ದವು. ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ವಿರೋಧಿಸಿದ ಬೇಡರನ್ನು 1857ರ ನವೆಂಬರಿನಲ್ಲಿ ಬ್ರಿಟಿಷರು ಹತ್ತಿಕ್ಕಿದ್ದರು. ಇಡೀ ಸೀಮೆಯ ಸಂಸ್ಥಾನಿಕರ ಮೇಲೆ ಅವರ ಕಣ್ಣಿತ್ತು. 1858ರ ಮೇ ತಿಂಗಳಲ್ಲಿ ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟನಾಗಿದ್ದ ಮ್ಯಾನ್ಸನ್ ರಾಮದುರ್ಗಕ್ಕೆ ಬಂದಾಗ ಅಲ್ಲಿಯ ಸಂಸ್ಥಾನಿಕನು, ಬಂಡಾಯಕ್ಕೆ ಸೇರೆಂದು ತನ್ನ ಮಲಸಹೋದರನಾದ ನರಗುಂದದ ಬಾಬಾಸಾಹೇಬನು ಬರೆದ ಪತ್ರವನ್ನು ಅವನಿಗೆ ತೋರಿಸಿ, ನರಗುಂದದ ಸೀಮೆಯಲ್ಲಿ ಹೋಗಬಾರದೆಂದು ಎಚ್ಚರಿಸಿದನು. ಮ್ಯಾನ್ಸನ್ ಆ ಮಾತನ್ನು ಲೆಕ್ಕಿಸದೆ ಮುಂದುವರಿದು ಮೇ 29ರ ರಾತ್ರಿ ಸುರೇಬಾನದಲ್ಲಿ ಹತನಾದನು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು, ನರಗುಂದ ಸಂಸ್ಥಾನವು ಅಳಿಯಿತು. ರಾಮದುರ್ಗವು 1948ರ ವಿಲೀನದವರೆಗೆ ಉಳಿಯಿತು.

ಸಂಬಂಧವು ಎಷ್ಟು ನಿಕಟವಾಗಿದ್ದರೂ ಬಂದ ಪತ್ರವನ್ನು ಬಚ್ಚಿಡದೆ ತೋರಿಸಿದುದೇ ರಾಮದುರ್ಗದ ರಕ್ಷಣೆಗೆ ನೆರವಾಯಿತು. ಆದರೆ ಜನಮನದಲ್ಲಿ ಉಳಿದದ್ದು ನರಗುಂದದ ಬಾಬಾಸಾಹೇಬನ ಹೆಸರು. ಪ್ರಭುತ್ವವು ಕೊಡುವ ವಿಶ್ವಾಸದ ಮುದ್ರೆಯೂ ಜನರು ಕೊಡುವ ಗೌರವವೂ ಯಾವಾಗಲೂ ಒಂದೇ ಆಗಿರುವುದಿಲ್ಲ.

ಸಮಾರೋಪ

ಆಧುನಿಕ ನಿಯಮಗಳನ್ನು ಈ ಘಟನೆಗಳ ಪಕ್ಕದಲ್ಲಿಟ್ಟು ನೋಡಿದರೆ ಸಾಮ್ಯವು ಎದ್ದುಕಾಣುತ್ತದೆ. ಭಾರತದಲ್ಲಿ 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ವಿದೇಶಿ ಪ್ರಜೆಯನ್ನು ಮದುವೆಯಾದ ನೌಕರನು ಅದನ್ನು ಕೂಡಲೇ ಸರಕಾರಕ್ಕೆ ತಿಳಿಸಬೇಕು. ಇಲ್ಲಿ ವಿವಾಹವನ್ನು ಅಪರಾಧವೆಂದು ಎಣಿಸಿಲ್ಲ, ತಿಳಿಸುವುದನ್ನು ಕರ್ತವ್ಯವೆಂದು ವಿಧಿಸಲಾಗಿದೆ. ವಿದೇಶಾಂಗ ಸೇವೆಯಲ್ಲಿರುವವರ ವಿಷಯದಲ್ಲಿ ನಿಯಮವು ಇನ್ನೂ ಬಿಗಿಯಾಗಿದ್ದು, ಅವರು ವಿದೇಶಿ ಪ್ರಜೆಯನ್ನು ಮದುವೆಯಾಗಲು ಸರಕಾರದ ಪೂರ್ವಾನುಮತಿ ಪಡೆಯಬೇಕು. ಅಮೆರಿಕದಲ್ಲಿ 2017ರಲ್ಲಿ ಜಾರಿಗೆ ಬಂದ 13 ಮಾರ್ಗಸೂಚಿಗಳಲ್ಲಿ ಒಂದು ಪೂರ್ಣವಾಗಿ ವಿದೇಶಿ ಪ್ರಭಾವಕ್ಕೆ ಮೀಸಲಾಗಿದೆ. ಬಂಧುವು ಯಾವ ದೇಶದಲ್ಲಿದ್ದಾನೆ, ಒಡನಾಟ ಎಷ್ಟಿದೆ, ಅವನ ಮೂಲಕ ನೌಕರನ ಮೇಲೆ ಒತ್ತಡ ತರಲು ಸಾಧ್ಯವೇ, ಸ್ವದೇಶದಲ್ಲಿ ನೌಕರನ ಬೇರು ಎಷ್ಟು ಆಳವಾಗಿದೆ ಎಂಬುದನ್ನು ಅಲ್ಲಿ ಒಟ್ಟಾಗಿ ತೂಗಲಾಗುತ್ತದೆ. ಕೊಂಡಾಣಾ ಕೋಟೆಗಾಗಿ ಸೆರೆಯಲ್ಲಿದ್ದ ಶಹಾಜಿ, ಜಹಗೀರಿನ ಆಮಿಷ ಬಂದ ಮಾಲೋಜಿ, ಪತ್ರವನ್ನು ತೋರಿಸಿದ ರಾಮದುರ್ಗದ ಸಂಸ್ಥಾನಿಕ, ಇವರೆಲ್ಲರ ಸನ್ನಿವೇಶಗಳೂ ಈ ಪ್ರಶ್ನೆಗಳ ಒಳಗೇ ಬರುತ್ತವೆ.

ಒಟ್ಟಿನಲ್ಲಿ, ಈ ಸೀಮೆಯ ಇತಿಹಾಸವು ಸಾರುವ ವಿಷಯ ಇಷ್ಟು. ಬಂಧುತ್ವವು ತಾನಾಗಿಯೇ ದ್ರೋಹವೂ ಅಲ್ಲ, ನಿಷ್ಠೆಯೂ ಅಲ್ಲ. ವ್ಯಕ್ತಿಯ ನಡತೆಯನ್ನು ನೋಡಿ ನಿರ್ಣಯಿಸಿದಾಗ, 1658ರಲ್ಲಿ ಶಹಾಜಿಯ ವಿಷಯದಲ್ಲಿಯೂ ಅನಂತರ ಏಕೋಜಿಯ ವಿಷಯದಲ್ಲಿಯೂ ಆದಂತೆ, ಪ್ರಭುತ್ವಕ್ಕೆ ಸಮರ್ಥರಾದ ಸರದಾರರು ಉಳಿದರು. ಬಂಧುತ್ವವನ್ನು ಒತ್ತೆಯಾಗಿ ಅಥವಾ ಆಯುಧವಾಗಿ ಬಳಸಿದಾಗ, 1648ರಲ್ಲಿ ಆದಂತೆ, ತಾತ್ಕಾಲಿಕವಾದ ಲಾಭದ ಹಿಂದೆ ದೀರ್ಘವಾದ ವೈರ ಬೆಳೆಯಿತು. ಆ ನಿರ್ಣಯವನ್ನು ಕೈಗೊಂಡ ಮುಸ್ತಫಾಖಾನನು ಅದೇ ವರ್ಷ ತೀರಿಕೊಂಡನು. ಅದರ ಸಾಲವನ್ನು ತೀರಿಸಿದ್ದು ಹದಿನಾರು ವರ್ಷಗಳ ಮೇಲೆ ಮುಧೋಳದ ಊರು. ಆಸ್ಥಾನಗಳ ನಿರ್ಣಯಗಳನ್ನು ರಾಜಧಾನಿಯ ದಾಖಲೆಗಳಿಂದ ಮಾತ್ರವಲ್ಲದೆ, ಅವುಗಳ ಫಲವನ್ನು ಉಂಡ ಇಂತಹ ಊರುಗಳ ಕಡೆಯಿಂದಲೂ ನೋಡಿದಾಗಲೇ ಅವುಗಳ ನಿಜವಾದ ಬೆಲೆ ತಿಳಿಯುತ್ತದೆ.